ಸಾಣೆ ಹಿಡಿಯದ ಜೋಡಿ

ತಿಪಟೂರು ಮೊಕ್ಕಾಂ,
೨೦-೧೧-೧೯೫೬

ಅಣ್ಣ ಕದಿರಪ್ಪನಿಗೆ, ತಮ್ಮ ಪಿಳ್ಳಪ್ಪ ದೂರದಿಂದಲೇ ಕಾಲು ಮುಟ್ಟಿ ಬರೆಯುವುದು.

ಕಾಗದದಲ್ಲಿ ‘ನೀವು’ ಎಂದು ಬರೆಯೋಣವೆಂದು ಕೂತೆ. ನೀನು ಓದಿ ನಗುತ್ತೀಯೆಂದು ಬಿಟ್ಟೆ. ಎರಡು ವರ್ಷದಿಂದ ಒಂದು ಕಾರ್ಡೂ ಹಾಕಲಿಲ್ಲ, ಹಬ್ಬಕ್ಕೂ ಬರಲಿಲ್ಲ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಮುಂದಿನದು ಓದು.

ನಮ್ಮ ನಾಟಕದ ಕಂಪನಿ ಏದುಸಿರು ಬಿಡುತ್ತಿದೆ. ಈ ಊರಿಗೆ ಟೆಂಟು ಸಿನಿಮಾ ಬಂದ ಮೇಲೆ ನಮ್ಮ ಗುಡಾರದಲ್ಲಿ ಮುಂದಿನ ಚಾಪೆ ಮಾತ್ರ ತುಂಬುತ್ತದೆ, ಅದರಲ್ಲೂ ಅರ್ಧ ಮಕ್ಕಳು. ನಮ್ಮ ಯಜಮಾನರು ಲಕ್ಕಣ್ಣನವರು ಕಡೆಯ ದಾಳ ಎಂದು ಹೊಸ ನಾಟಕ ಹಿಡಿದಿದ್ದಾರೆ. ಇಟಲಿ ದೇಶದ ನಾನೂರು ವರ್ಷದ ಹಿಂದಿನ ಕಥೆ. ಒಬ್ಬ ಸೇನಾಪತಿ ತನ್ನ ಅಣ್ಣನ ಕೋಟೆ ಕಾಯುತ್ತಾ ಬಾಗಿಲಲ್ಲೇ ಹೋರಾಡಿ ಸಾಯುತ್ತಾನೆ. ಸಾಯುವ ಮುಂಚೆ ಎರಡು ಹಾಡೂ ಇದೆ, ಅದಿಲ್ಲದೆ ನಮ್ಮವರು ಸಾಯಲು ಬಿಡುವುದಿಲ್ಲ.

ಆ ಕಾಲದಲ್ಲಿ ಅಲ್ಲಿಯವರು ಬಲಗೈಯಲ್ಲಿ ಉದ್ದ ಕತ್ತಿ, ಎಡಗೈಯಲ್ಲಿ ಬಾಕು, ಎರಡನ್ನೂ ಒಟ್ಟಿಗೆ ಹಿಡಿದು ಕಾದುತ್ತಿದ್ದರಂತೆ. ಕತ್ತಿ ಹೊಡೆಯುವುದಕ್ಕೆ, ಬಾಕು ತಡೆಯುವುದಕ್ಕೆ. ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಇದರ ಜೊತೆ ಇಟ್ಟಿದ್ದೇನೆ. ರಟ್ಟಿಗೆ ಬೇಗಡೆ ಅಂಟಿಸಿದ ಕತ್ತಿ ಈ ಸಲ ಸಾಲದು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಕಡೆಯ ಸಾಲಿಗೂ ಕೇಳಬೇಕು. ಎದುರಾಳಿಯ ಕತ್ತಿ ಯಜಮಾನರ ಹತ್ತಿರ ಹಳೆಯದೊಂದಿದೆ. ನನ್ನ ಜೋಡಿ ನೀನು ಮಾಡಿಕೊಡಬೇಕು.

ಯುಗಾದಿಗೆ ಮೊದಲ ಆಟ. ಸೇನಾಪತಿಯ ಪಾರ್ಟನ್ನು ಹೊಸ ಹುಡುಗ ಆನಂದಪ್ಪನಿಗೆ ಕೊಡೋಣವೆಂದು ಯಜಮಾನರಿಗೆ ಮನಸ್ಸಿತ್ತು. ನಾನು ಹಟ ಹಿಡಿದು ಉಳಿಸಿಕೊಂಡಿದ್ದೇನೆ. ನನಗೆ ನಲವತ್ತೆಂಟು. ಕಡೆಯ ಸಲ ಒಂದು ದೊಡ್ಡ ಪಾರ್ಟು ಮಾಡಿ ಇಳಿಯಬೇಕು. ಅಷ್ಟೇ ಅಣ್ಣ, ಇನ್ನೇನೂ ಆಸೆಯಿಲ್ಲ.

ಅಕ್ಷರ ಸೊಟ್ಟಗಿದೆ, ಗುಡಾರದಲ್ಲಿ ದೀಪ ಸರಿಯಿಲ್ಲ.

ನಿನ್ನ ಬಣ್ಣದ ತಮ್ಮ,
ಪಿಳ್ಳಪ್ಪ


ಯಲಹಂಕ,
೨-೧೨-೧೯೫೬

ಪಿಳ್ಳ,

ಬದುಕಿದ್ದೀಯ ಎಂದು ತಿಳಿಯಿತು. ಬೈಯುವ ಕೆಲಸವನ್ನು ನಿಮ್ಮತ್ತಿಗೆಗೆ ವಹಿಸಿದ್ದೇನೆ. ಅಂಜಿನಮ್ಮ ಕಾಗದ ಓದಿಸಿಕೊಂಡು ಅಂದದ್ದು ಇಷ್ಟು: “ಅಣ್ಣ ನೆಪ್ಪಾಗ್ಲಿಲ್ಲ, ಅತ್ಗೆ ನೆಪ್ಪಾಗ್ಲಿಲ್ಲ. ಕತ್ತಿ ಬೇಕು ಅಂದಾಗ ಕುಲುಮೆ ನೆಪ್ಪಾಯ್ತಾ ಅವ್ನಿಗೆ?” ಇದಕ್ಕೆ ಉತ್ತರ ನೀನೇ ಕೊಟ್ಟುಕೋ.

ಕುಲುಮೆಯ ಸಮಾಚಾರ ಹೇಳುತ್ತೇನೆ, ಕೇಳು. ಹೆಬ್ಬಾಳದ ಫಾರ್ಮಿನ ಕಬ್ಬಿಣದ ನೇಗಿಲು ನೋಡಿಕೊಂಡು ಬಂದ ರೈತರು ಮರದ ನೇಗಿಲಿನ ಗುಳ ತಟ್ಟಿಸುವುದನ್ನು ಕಡಿಮೆ ಮಾಡಿದ್ದಾರೆ. ಆಳು ಇಡೋಣವೆಂದರೆ ಕೈಯಲ್ಲಿ ಕಸುವಿರುವವರೆಲ್ಲ ಜಾಲಹಳ್ಳಿ ಕಾರ್ಖಾನೆಯ ಗೇಟಿನ ಮುಂದೆ ನಿಂತಿದ್ದಾರೆ. ಹೀಗಾಗಿ ತಿದಿ ಎಳೆದು ಬೆಂಕಿಗೆ ಗಾಳಿ ಊದುವವಳು ಅಂಜಿನಮ್ಮನೇ. ಚಳಿ ಬಿತ್ತೆಂದರೆ ಅವಳಿಗೆ ಉಬ್ಬಸ. ನಾಲ್ಕು ಸಲ ಎಳೆದು ಕೂರುತ್ತಾಳೆ, ಅಷ್ಟರಲ್ಲಿ ಕೆಂಪಗೆ ಕಾದದ್ದು ಕಪ್ಪಾಗುತ್ತದೆ. ನನಗೂ ಸಾಕಾಗಿದೆ ಪಿಳ್ಳ. ಬೆಳಿಗ್ಗೆ ಎದ್ದು ಸುತ್ತಿಗೆ ನೋಡಿದರೆ ಅದೂ ನನ್ನನ್ನು ನೋಡಿ ಮುಖ ತಿರುಗಿಸಿದ ಹಾಗೆ ಕಾಣುತ್ತದೆ.

ನಿನ್ನ ಚಿತ್ರ ನೋಡಿದೆ. ಅಲಗು ಕಡ್ಡಿಯ ಹಾಗಿದೆ, ಹಿಡಿಯ ಸುತ್ತ ಕಂಬಿ ಬಳ್ಳಿ ಹಬ್ಬಿದ ಹಾಗಿದೆ. ಮೂಗಿಗಿಂತ ಮೂಗುತಿ ಭಾರ. ಯುದ್ಧದ ಕಾಲದಲ್ಲಿ ಜಾಲಹಳ್ಳಿ ಕ್ಯಾಂಪಿನಲ್ಲಿ ಇಟಲಿ ಕೈದಿಗಳನ್ನು ಇಟ್ಟಿದ್ದರಲ್ಲ, ಅವರ ಬಕೆಟ್ಟುಗಳಿಗೆ ನಾನು ಹಿಡಿ ಹಾಕಿಕೊಡುತ್ತಿದ್ದೆ. ಬೇಲಿಯ ಆಚೆ ಕೂತು ಹಾಡಿಕೊಳ್ಳುತ್ತಿದ್ದ ಸಾಧು ಜನ. ಅವರ ತಾತಂದಿರು ಎರಡು ಕೈಯಲ್ಲೂ ಕಬ್ಬಿಣ ಹಿಡಿದು ಬೀದಿಯಲ್ಲಿ ತಿರುಗುತ್ತಿದ್ದರು ಎಂದರೆ ನಂಬಿಕೆ ಬರುವುದಿಲ್ಲ.

ನನ್ನನ್ನು ಕೇಳಿದರೆ ಕತ್ತಿಯೂ ಬೇಡ, ಬಾಕುವೂ ಬೇಡ, ಗಂಟು ಕಟ್ಟಿಕೊಂಡು ಬಾ. ಇಲ್ಲಿ ಒಂದು ಚಾಪೆ, ಎರಡು ಹೊತ್ತಿನ ಮುದ್ದೆ ಇದ್ದೇ ಇದೆ. ಬರುವುದಿಲ್ಲವೆಂದು ಗೊತ್ತು. ಅದಕ್ಕೇ ಮಾಡಿಕೊಡುತ್ತೇನೆ.

ಆದರೆ ನಮ್ಮ ಕುಲುಮೆಯ ಪದ್ಧತಿ ಮರೆತಿಲ್ಲ ತಾನೆ? ಮುಷ್ಟಿ ನೋಡದೆ ಹಿಡಿ ಕೂರಿಸುವುದಿಲ್ಲ. ಕುಡುಗೋಲಾದರೂ ಸರಿ, ಇಟಲಿ ಕತ್ತಿಯಾದರೂ ಸರಿ. ಕೆರೆಯ ಜೇಡಿಮಣ್ಣು ಕಲಸಿ, ಒಂದು ಉಂಡೆ ಬಲಗೈಯಲ್ಲಿ, ಒಂದು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಒತ್ತಿ, ನೆರಳಲ್ಲಿ ಒಣಗಿಸಿ ಕಳಿಸು.

ಅಕ್ಷರಕ್ಕೆ ದೀಪದ ಮೇಲೆ ಯಾಕೆ ತಪ್ಪು ಹೊರಿಸುತ್ತೀಯ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಶೀರ್ವಾದ ಮಾಡಿ ಕೈ ನೋಯುತ್ತಿರುವ ಅಣ್ಣ,
ಕದಿರಪ್ಪ


ತಿಪಟೂರು,
೧೯-೧೨-೧೯೫೬

ಅಣ್ಣಾ,

ಬಿಸ್ಕತ್ತಿನ ಡಬ್ಬಿಯಲ್ಲಿ ಹುಲ್ಲು ಹಾಸಿ ಎರಡೂ ಮುಷ್ಟಿ ಕಳಿಸಿದ್ದೇನೆ. ಒಡೆಯದೆ ತಲುಪಿದರೆ ತಿಳಿಸು. ಅತ್ತಿಗೆಯ ಬೈಗುಳವನ್ನು ಹಬ್ಬದ ಊಟ ಎಂದುಕೊಂಡು ತಿಂದಿದ್ದೇನೆ. ಅವಳಿಗೆ ಬಿಸಿನೀರು ಕುಡಿಯಲು ಹೇಳು.

ಅಭ್ಯಾಸ ನಡೆದಿದೆ. ಸದ್ಯಕ್ಕೆ ಬಿದಿರು ಕೋಲು. ದಣಿವಾಗುತ್ತದೆ, ಆದರೂ ಬಣ್ಣ ಹಚ್ಚಿದ ಮೇಲೆ ಸರಿಹೋಗುತ್ತದೆ.

ಪಿಳ್ಳಪ್ಪ


ಯಲಹಂಕ,
೧೭-೧-೧೯೫೭

ಪಿಳ್ಳ,

ಸಂಕ್ರಾಂತಿ ಆಯಿತು. ಎಳ್ಳು ಬೆಲ್ಲ ಇದರೊಳಗೆ ಸುತ್ತಿಟ್ಟಿದ್ದೇನೆ, ಅಂಚೆಯವರು ತಿನ್ನದೆ ಬಿಟ್ಟರೆ ನಿನ್ನದು.

ಯಶವಂತಪುರದ ಗುಜರಿ ಖಾದರ್ ಬಾಷಾ ನೆನಪಿದ್ದಾನಲ್ಲ, ಅವನ ಹತ್ತಿರ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಆರಿಸಿ ತಂದೆ. ಯಾಕೆ ಎಂದು ಕೇಳಿದ. ಇಟಲಿ ಕತ್ತಿಗೆ ಎಂದೆ. “ಕದಿರಣ್ಣ, ನಿಂಗೇನ್ ತಲೆ ಕೆಟ್ಟೈತಾ? ಅಲ್ಲಿ ಜನ ಇಸ್ಕೂಟರ್ ಮೇಲೆ ಓಡಾಡ್ತಾವ್ರೆ, ನೀನ್ ಇಲ್ಲಿ ಅವ್ರಿಗೆ ಕತ್ತಿ ಮಾಡ್ತೀಯಾ?” ಎಂದು ನಕ್ಕ. ಆದರೂ ಪಟ್ಟಿಯನ್ನು ಅವನೇ ಸೈಕಲ್ಲಿಗೆ ಕಟ್ಟಿಕೊಟ್ಟ.

ಬಾಕು ಮುಗಿದಿದೆ. ಹಿಡಿಯೂ ಕೂರಿಸಿದ್ದೇನೆ, ಚೆನ್ನಾಗಿ ಬಂದಿದೆ. ಕತ್ತಿಯ ಅಲಗು ತಟ್ಟಿದ್ದೇನೆ, ಹದ ಹಾಕುವುದು ಬಾಕಿ. ಅಷ್ಟು ತೆಳ್ಳಗೆ ಅಷ್ಟು ಉದ್ದ ತಟ್ಟುವುದು ಹಾವಿಗೆ ನೆಟ್ಟಗೆ ಮಲಗು ಎಂದು ಹೇಳಿದ ಹಾಗೆ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಬಾಗುತ್ತದೆ. ತಿದಿಯ ಹಳೇ ಹಿಡಿ ಸೀಳಿತ್ತು, ಅದಕ್ಕೂ ಹೊಸದು ಹಾಕಿದೆ. ಕೈಗೆ ಕೂಡಲ್ಲ ಎಂದು ಅಂಜಿನಮ್ಮ ದಿನವೂ ಗೊಣಗುತ್ತಾಳೆ. ಗೊಣಗಲಿ.

ಈಗ ಕೇಳಬೇಕಾದ್ದು ಕೇಳುತ್ತೇನೆ. ಎಡಗೈ ಮುಷ್ಟಿ ನಿನ್ನದು, ಅಪ್ಪನ ಕೈಯ ಅಚ್ಚೇ. ಬಲಗೈದು ಯಾರದು? ಚಿಕ್ಕಂದಿನಲ್ಲಿ ಕೆರೆ ಏರಿಯ ಹುಣಸೆಮರದಿಂದ ಬಿದ್ದಾಗಿನಿಂದ ನಿನ್ನ ಬಲ ಕಿರುಬೆರಳು ಸೊಟ್ಟ. ಈ ಮಣ್ಣಿನಲ್ಲಿ ಬೆರಳೆಲ್ಲ ನೆಟ್ಟಗಿವೆ. ಹಿಡಿತವೂ ಹರೆಯದವರದು, ಮಣ್ಣು ಹಿಸುಕಿ ಬೆರಳ ಸಂದಿಯಿಂದ ಹೊರಗೆ ಬಂದಿದೆ.

ನಿನ್ನ ಎರಡು ಕಾಗದವನ್ನೂ ಮತ್ತೆ ತೆಗೆದು ನೋಡಿದೆ. ದೀಪ ಸರಿಯಿಲ್ಲದ ಅಕ್ಷರವಲ್ಲ ಅದು. ಎಡಗೈಯಲ್ಲಿ ಬರೆದದ್ದು.

ಏನಾಗಿದೆ ಪಿಳ್ಳ?

ಕದಿರಪ್ಪ


ಅರಸೀಕೆರೆ ಮೊಕ್ಕಾಂ,
೧೦-೨-೧೯೫೭

ಅಣ್ಣಾ,

ಮೂರು ಸಲ ಬರೆದು ಹರಿದೆ. ಒಂದರಲ್ಲಿ ಸುಳ್ಳಿತ್ತು, ಇನ್ನೊಂದರಲ್ಲಿ ಅಳು ಜಾಸ್ತಿಯಾಗಿತ್ತು, ಮೂರನೆಯದರಲ್ಲಿ ಎರಡೂ ಇದ್ದವು.

ದಸರಾ ಮುಂಚೆ ಒಂದು ದಿನ ಎದ್ದಾಗ ಬಲಗೈ ನನ್ನ ಮಾತು ಕೇಳಲಿಲ್ಲ. ಪಾರ್ಶ್ವವಾಯು ಬಡಿದಿದೆ, ಪುಣ್ಯಕ್ಕೆ ಬೆರಳಿಗೆ ನಿಂತಿದೆ ಎಂದರು ಡಾಕ್ಟರು. ತೋಳು ಎತ್ತುತ್ತೇನೆ, ಬೀಸುತ್ತೇನೆ. ಬೆರಳು ಮಾತ್ರ ಮುಚ್ಚುವುದಿಲ್ಲ. ಲೋಟ ಹಿಡಿದರೆ ಜಾರುತ್ತದೆ. ಭುಜ ಉಳುಕಿದೆ ಎಂದು ಕಂಪನಿಯವರಿಗೆ ಹೇಳಿ ನಿಭಾಯಿಸುತ್ತಿದ್ದೇನೆ. ಅಭ್ಯಾಸದಲ್ಲಿ ಬಿದಿರು ಕೋಲನ್ನು ತೋಳಿನೊಳಗೆ ಬಟ್ಟೆಯಿಂದ ಕಟ್ಟಿಕೊಂಡು, ಮೇಲೆ ಅಂಗಿ ಎಳೆದುಕೊಳ್ಳುತ್ತೇನೆ. ಆ ಮುಷ್ಟಿ ಆನಂದಪ್ಪನದು. ಆಟ ಆಡೋಣ ಬಾ ಎಂದು ಕರೆದು ಮಣ್ಣು ಹಿಡಿಸಿದೆ.

ಯಾಕೆ ಮುಚ್ಚಿಟ್ಟೆ ಎಂದರೆ, ಹೇಳಿದರೆ ನೀನು ಕತ್ತಿ ಮಾಡುವುದಿಲ್ಲ, ಅವರು ಪಾರ್ಟು ಕೊಡುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಬಣ್ಣ ಹಚ್ಚಿದ್ದೇನೆ ಅಣ್ಣ. ಕೊನೆಗೆ ಕೈಲಾಗದವನು ಎಂದು ಪರದೆಯ ಹಗ್ಗ ಎಳೆಯುತ್ತಾ ನಿಲ್ಲುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಒಂದೇ ಒಂದು ರಾತ್ರಿ ನಾಯಕನಾಗಿ ಸತ್ತು ಇಳಿಯುತ್ತೇನೆ. ಬೇಡ ಎನ್ನಬೇಡ.

ಪಿಳ್ಳಪ್ಪ


ಯಲಹಂಕ,
೧೪-೨-೧೯೫೭

ಪಿಳ್ಳ,

ನಿನ್ನ ಕಾಗದ ಬಂದ ದಿನ ಕುಲುಮೆ ಹೊತ್ತಿಸಲಿಲ್ಲ. ಅಂಜಿನಮ್ಮ ಸೆರಗು ಬಾಯಿಗಿಟ್ಟುಕೊಂಡು ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದು, “ಈ ಕೈಯಾಗೆ ಅಲ್ಲಿ ಉಣ್ಣಾಕ್ ಯಾರ್ ಕಲಸ್ಕೊಡ್ತಾರೆ ಅವ್ನಿಗೆ?” ಎಂದಳು. ನನಗೆ ಅದು ತೋಚಿರಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಮಾರನೆಯ ದಿನ ಅಲಗಿಗೆ ಹದ ಹಾಕಲು ಕೂತಾಗ ಒಂದು ಕೆಟ್ಟ ಯೋಚನೆ ಬಂತು. ಹೊಂಗೆ ಎಣ್ಣೆಯ ಬದಲು ತಣ್ಣೀರಿಗೆ ಅದ್ದಿದರೆ ಸಾಕು, ನೋಡಲು ಚೆನ್ನಾಗಿಯೇ ಇರುತ್ತದೆ, ಎರಡನೇ ಏಟಿಗೆ ಲಟಕ್ಕನೆ ಮುರಿಯುತ್ತದೆ. ನಾಟಕ ಬೀಳುತ್ತದೆ, ನೀನು ಮನೆಗೆ ಬರುತ್ತೀಯ. ನೀರಿನ ಬಾನಿಯ ಕಡೆಗೂ ನೋಡಿದೆ. ಅಪ್ಪ ಕಬ್ಬಿಣ ತಟ್ಟುತ್ತಿದ್ದ ಅಡೆಗಲ್ಲಿನ ಮುಂದೆ ಕೂತು ಅದನ್ನು ಮಾಡಲು ಕೈ ಏಳಲಿಲ್ಲ. ಎಣ್ಣೆಗೇ ಅದ್ದಿದೆ. ಅಲಗು ಬಾಗಿಸಿದರೆ ಬಿಲ್ಲಿನ ಹಾಗೆ ಬಾಗಿ ವಾಪಸ್ಸು ಬರುತ್ತದೆ.

ನಿನ್ನ ಬಲಗೈ ಮುಷ್ಟಿ ಕಳಿಸು. ನಿನ್ನದೇ. ಎಷ್ಟು ಮುಚ್ಚುತ್ತದೋ ಅಷ್ಟೇ ಒತ್ತು, ನನ್ನ ಹತ್ತಿರ ಪಾರ್ಟು ಮಾಡಬೇಡ.

ಅಣ್ಣ


ಅರಸೀಕೆರೆ,
೨೪-೨-೧೯೫೭

ಅಣ್ಣಾ, ಡಬ್ಬಿ ಕಳಿಸಿದ್ದೇನೆ. ಇಷ್ಟೇ ಆದದ್ದು. ಅತ್ತಿಗೆಗೆ ತೋರಿಸಬೇಡ.

ಪಿಳ್ಳ


ಯಲಹಂಕ,
೨೨-೩-೧೯೫೭

ಪಿಳ್ಳ,

ಈ ಕಾಗದವನ್ನೂ ಜೋಡಿಯನ್ನೂ ಖಾದರ್ ಬಾಷಾ ತರುತ್ತಿದ್ದಾನೆ. ಅರಸೀಕೆರೆ ರೈಲ್ವೆ ಗುಜರಿ ನೋಡಲು ಹೇಗೂ ಹೊರಟಿದ್ದ. ಕಬ್ಬಿಣವನ್ನು ಕೈಯಿಂದ ಕೈಗೆ ಕೊಡಬೇಡ, ಜಗಳ ಬರುತ್ತೆ, ನೆಲದ ಮೇಲಿಡು, ಅವನೇ ಎತ್ತಿಕೊಳ್ಳಲಿ ಎಂದು ಹೇಳಿ ಕಳಿಸಿದ್ದೇನೆ. “ಗೊತ್ತು ಬಿಡಣ್ಣ, ನಮ್ ಮನೇಲೂ ಅಂಗೇಯಾ” ಎಂದ.

ನೀನು ಕಳಿಸಿದ ಮಣ್ಣು ಉಂಡೆಯಾಗಿ ನಿನ್ನ ಕೈಯೊಳಗೆ ಹೋಗಿ ಹೆಚ್ಚು ಕಡಿಮೆ ಉಂಡೆಯಾಗಿಯೇ ಬಂದಿತ್ತು. ಬೆರಳಿನ ಗುರುತು ಹಸುಗೂಸು ಮುಟ್ಟಿದಷ್ಟು. ಅದನ್ನು ಮುಂದಿಟ್ಟುಕೊಂಡು ದಿನಗಟ್ಟಲೆ ಹಿಡಿಯ ಅಳತೆ ಬರೆದೆ, ಅಳಿಸಿದೆ. ಆಮೇಲೆ ನಿನ್ನ ಚಿತ್ರದ ಕಂಬಿಗಳನ್ನು ನೋಡಿ ಜೀವ ಬಂತು. ಅಂದು ನಗೆಯಾಡಿದ ಮೂಗುತಿಯೇ ಈಗ ಕೆಲಸಕ್ಕೆ ಬಂತು.

ಚಿತ್ರದಲ್ಲಿಲ್ಲದ ಒಂದು ಕಂಬಿ ಒಳಗೆ ಹಾಕಿದ್ದೇನೆ, ಮೆತ್ತನೆ ತೊಗಲು ಸುತ್ತಿದೆ. ಬೆರಳುಗಳನ್ನು ಅದರ ಕೆಳಗೆ ತೂರಿಸಿ ಮಣಿಕಟ್ಟು ಒಳಕ್ಕೆ ತಿರುಗಿಸು. ಬಳೆ ತೊಟ್ಟ ಹಾಗೆ ಕೂರುತ್ತದೆ. ನೀನು ಹಿಡಿಯುವುದೇ ಬೇಡ, ಅದೇ ನಿನ್ನ ಕೈ ಹಿಡಿದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದು. ಬಿಡಿಸುವಾಗ ಮಾತ್ರ ಎಡಗೈಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸಬೇಕು.

ಎರಡಕ್ಕೂ ಸಾಣೆ ಹಿಡಿದಿಲ್ಲ, ಮೊನೆ ಗುಂಡಗೆ ತೇಯ್ದಿದ್ದೇನೆ. ಹೊಸ ಅಲಗು ಕುಲುಮೆ ಬಿಡುವ ಮುಂಚೆ ನಿಂಬೆಹಣ್ಣು ಕೊಯ್ಯಬೇಕಲ್ಲ. ಸಾಣೆಯಿಲ್ಲದ ಕತ್ತಿ ಏನು ಕೊಯ್ದೀತು? ಹಣ್ಣು ಅಪ್ಪಚ್ಚಿಯಾಯಿತು. ಅಂಜಿನಮ್ಮ ಅದನ್ನೇ ಚಿತ್ರಾನ್ನಕ್ಕೆ ಹಿಂಡಿದಳು. ನಮ್ಮ ವಂಶದಲ್ಲಿ ಇಂಥ ಆಯುಧ ಕುಲುಮೆ ದಾಟಿದ್ದು ಇದೇ ಮೊದಲು.

ಚೆನ್ನಾಗಿ ಸಾಯಿ. ಆಮೇಲೆ ಕಾಗದ ಹಾಕು.

ಕದಿರಪ್ಪ


ಅರಸೀಕೆರೆ,
೪-೪-೧೯೫೭

ಅಣ್ಣಾ,

ಯುಗಾದಿಯ ದಿನ ಗುಡಾರ ತುಂಬಿತ್ತು. ಚುನಾವಣೆಯ ಭಾಷಣ ಕೇಳಿ ಕೇಳಿ ಬೇಸತ್ತ ಜನ ಹೊಡೆದಾಟ ನೋಡೋಣವೆಂದು ಬಂದಿದ್ದರು. ಕಬ್ಬಿಣದ ಸದ್ದಿಗೆ ಚಾಪೆಯವರು ಎದ್ದು ನಿಂತರು. ನಿನ್ನ ಕತ್ತಿ ನನ್ನ ಕೈ ಬಿಡಲಿಲ್ಲ. ಎಷ್ಟೋ ತಿಂಗಳ ಮೇಲೆ ನನಗೆ ಬಲಗೈ ಇದೆ ಎನ್ನಿಸಿತು. ಆ ಸಂತೋಷ ಹೇಗೆ ಬರೆಯಲಿ.

ಈಗ ಕೇಳು. ಸಾಯುವಾಗ ಸೇನಾಪತಿಯ ಕೈಯಿಂದ ಕತ್ತಿ ಜಾರಿ ಠಣ್ಣೆಂದು ಬೀಳಬೇಕು, ಆ ಸದ್ದಿಗೆ ಪರದೆ ಬೀಳಬೇಕು. ಅದನ್ನು ನಿನಗೆ ಬರೆಯುವುದನ್ನೇ ಮರೆತಿದ್ದೆ. ಬಿದ್ದೆ, ಸತ್ತೆ, ಕತ್ತಿ ಮಾತ್ರ ಬೀಳಲೊಲ್ಲದು! ಸತ್ತವನು ಎಡಗೈಯಿಂದ ಬಿಡಿಸಿಕೊಳ್ಳುವುದು ಹೇಗೆ? ಹಾಗೇ ಬಿದ್ದುಕೊಂಡೆ. ಪರದೆಯ ಹಗ್ಗದವನೂ ಸದ್ದಿಗೆ ಕಾಯುತ್ತಾ ನಿಂತ. ಆಮೇಲೆ ಹಿಂದಿನಿಂದ ಯಾರೋ, “ಸತ್ರೂ ಕತ್ತಿ ಬಿಡ್ಲಿಲ್ಲ ಕಣ್ರೋ!” ಎಂದು ಕೂಗಿದ. ಆ ಶಿಳ್ಳೆ, ಆ ಚಪ್ಪಾಳೆ ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಯಜಮಾನರು ಒಳಗೆ ಓಡಿಬಂದು, “ದಿನಾ ಇಂಗೇ ಸಾಯಬೇಕು ಕಣಯ್ಯ ನೀನು” ಎಂದರು. ಪಾರ್ಟು ವರ್ಷವೆಲ್ಲ ನನಗೇ ಎಂದು ಎಲ್ಲರ ಎದುರಿಗೆ ಹೇಳಿದರು.

ಪರದೆಯ ಹಿಂದೆ ಕತ್ತಿ ಬಿಡಿಸಿದವನು ಆನಂದಪ್ಪ. ನನ್ನ ಎದುರಾಳಿಯ ಪಾರ್ಟು ಅವನದು. ಒಂದೊಂದೇ ಬೆರಳು ತೆಗೆಯುತ್ತಾ ಅವನಿಗೆ ಎಲ್ಲ ಅರ್ಥವಾಯಿತು. ಅವನು ಬಾಗಿದಾಗ ನೋಡಿದೆ, ಕಿವಿಯಿಂದ ರಕ್ತ ಇಳಿದು ಬಣ್ಣದ ಜೊತೆ ಕಲಸಿಹೋಗಿತ್ತು. ಹೊಡೆದಾಟದಲ್ಲಿ ನನ್ನ ಕತ್ತಿ ತಾಗಿತ್ತು. ನನ್ನ ಕೈಗೆ ತಾಗಿದ್ದೇ ಗೊತ್ತಾಗಿರಲಿಲ್ಲ ಅಣ್ಣ. ಅವನು ಒಂದು ಚೂರೂ ಮುಖ ಕಿವಿಚದೆ ಆಟ ಮುಗಿಸಿದ್ದ. “ಯಾಕೋ ಹೇಳ್ಲಿಲ್ಲ?” ಎಂದೆ. “ಇವತ್ತು ನಿಮ್ ದಿನ ಅಲ್ವಾ ಅಣ್ಣಯ್ಯ” ಎಂದ. ನೀನು ಸಾಣೆ ಹಿಡಿದಿದ್ದರೆ ಆ ಹುಡುಗನ ಕಿವಿ ನೆಲದ ಮೇಲಿರುತ್ತಿತ್ತು. ಎರಡು ಬೆರಳು ಈಚೆಗೆ ಬಿದ್ದಿದ್ದರೆ ಕಣ್ಣು.

ಮಾರನೆಯ ದಿನ ಯಜಮಾನರಿಗೆ ಎಲ್ಲ ಹೇಳಿ ಪಾರ್ಟು ಬಿಟ್ಟುಕೊಟ್ಟೆ. ಕತ್ತಿಯನ್ನು ಆನಂದಪ್ಪನ ಮುಂದೆ ನೆಲದ ಮೇಲಿಟ್ಟೆ, ಅವನು ಕಣ್ಣಿಗೊತ್ತಿಕೊಂಡು ಎತ್ತಿಕೊಂಡ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ಉರಿಯಿತು, ರಾತ್ರಿಯೆಲ್ಲ ಉರಿಯಿತು. ಆದರೆ ಬೆಳಿಗ್ಗೆ ಎದ್ದಾಗ ಹಗುರವಾಗಿತ್ತು. ಕತ್ತಿಯ ಹಿಡಿ ಮಾತ್ರ ಅವನಿಗೆ ಆಗದು. ಆರೋಗ್ಯವಂತನ ಬೆರಳಿಗೆ ಆ ಒಳಗಿನ ಕಂಬಿ ಒತ್ತುತ್ತದೆ.

ಬಾಕು ಅವನು ತೆಗೆದುಕೊಳ್ಳಲಿಲ್ಲ, ನಿಮ್ಮ ಹತ್ತಿರ ಇರಲಿ ಎಂದ. ಇಲ್ಲಿ ನನಗೆ ಉಳಿದಿರುವುದು ಪರದೆಯ ಹಗ್ಗ. ಅಲ್ಲಿ ತಿದಿ ಇದೆಯಲ್ಲ ಅಣ್ಣ. ಎಡಗೈ ಇನ್ನೂ ಗಟ್ಟಿಯಿದೆ. ಬರಲೇ ಎಂದು ಕೇಳಲು ನಾಚಿಕೆಯಾಗುತ್ತದೆ.

ಪಿಳ್ಳಪ್ಪ


ಯಲಹಂಕ,
೭-೪-೧೯೫೭

ಪಿಳ್ಳ,

ಕೇಳಬೇಡ, ಬಾ.

ಆನಂದಪ್ಪನಿಗೆ ಹೇಳು: ಅವನ ಮುಷ್ಟಿ ನನ್ನ ಹತ್ತಿರವೇ ಇದೆ. ಹಿಡಿ ಕೂರಿಸಿದ ಮೇಲೆ ಮಣ್ಣನ್ನು ಕೆರೆಗೆ ಬಿಡುವುದು ಪದ್ಧತಿ. ಅವನ ಮಣ್ಣಿನಿಂದ ಹಿಡಿಯೇ ಮಾಡಲಿಲ್ಲವಲ್ಲ, ಇಟ್ಟುಕೊಂಡಿದ್ದೆ. ಈ ವಾರ ಅವನ ಅಳತೆಗೆ ಹೊಸ ಹಿಡಿ ಮಾಡಿ ಕಳಿಸುತ್ತೇನೆ. ಸಾಯುವಾಗ ಕತ್ತಿ ಕೈ ಬಿಡಬೇಕೋ ಬೇಡವೋ ಎಂಬುದನ್ನು ಯಜಮಾನರನ್ನು ಮೊದಲೇ ಕೇಳಿ ಬರೆಯಲಿ. ನಿನ್ನ ಬಲಗೈಯ ಮಣ್ಣನ್ನು ಕೆರೆಗೆ ಬಿಡಲು ನನ್ನಿಂದ ಆಗಲಿಲ್ಲ. ನೀನು ಬಂದ ಮೇಲೆ ಇಬ್ಬರೂ ಹೋಗಿ ಬಿಡೋಣ.

ಇನ್ನೊಂದು ವಿಷಯ. ಸಂಕ್ರಾಂತಿಯ ಹೊತ್ತಿಗೆ ತಿದಿಗೆ ಹೊಸ ಹಿಡಿ ಹಾಕಿದೆ ಎಂದು ಬರೆದಿದ್ದೆನಲ್ಲ, ಅಂಜಿನಮ್ಮನಿಗೆ ಕೂಡುವುದಿಲ್ಲ ಎಂದೂ ಬರೆದಿದ್ದೆ. ಎಲ್ಲಿ ಕೂಡೀತು? ಅದು ನಿನ್ನ ಎಡಗೈ ಮುಷ್ಟಿಯ ಅಳತೆಗೆ ಮಾಡಿದ್ದು. ಆಗ ನನಗೆ ನಿನ್ನ ಬಲಗೈ ಸಮಾಚಾರ ಗೊತ್ತಿರಲಿಲ್ಲ. ಡಬ್ಬಿಯಲ್ಲಿ ಅಪ್ಪನಂಥದೇ ಕೈ ಬಂದು ಕೂತಿತ್ತು, ಸುಮ್ಮನೆ ಮಾಡಿಬಿಟ್ಟೆ. ನಿನ್ನ ಕಾಗದ ಓದಿ ಹೇಳಿದ ಮೇಲೆ ಇದನ್ನೂ ಅವಳಿಗೆ ಹೇಳಿದೆ. “ಇಷ್ಟ್ ದಿನ ನನ್ ಅಂಗೈ ಬೊಬ್ಬೆ ಎಬ್ಬಿಸಿದ್ದು ಇದಕ್ಕೇನೋ ಮುದ್ಕಾ?” ಎಂದು ಬೀದಿಗೆ ಕೇಳುವ ಹಾಗೆ ಬೈದಳು. ಬೈದು ಮುಗಿಸಿ, ಅಟ್ಟದಿಂದ ನಿನ್ನ ಚಾಪೆ ಇಳಿಸಿ ಬಿಸಿಲಿಗೆ ಹಾಕಿದಳು.

ದಾರಿ ನೋಡುವ ಅಣ್ಣ,
ಕದಿರಪ್ಪ